ಗುಳೆ ಹೋದವರ ಕಂತು ಯಾರ ತಲೆಗೆ?

ಮಾನ್ವಿ ಕಡೆ ನಿಮ್ಮ ತಾಯಿಯವರ ಮೈಕ್ರೋಫೈನಾನ್ಸ್ (ಅಡವಿಲ್ಲದ ಸಣ್ಣ ಸಾಲ) ಗುಂಪಿನಲ್ಲಿ ಒಬ್ಬರು ಗುಳೆ ಹೋಗಿದ್ದಾರೆ, ಅವರ ಕಂತನ್ನೂ ಉಳಿದವರೇ ಕಟ್ಟಬೇಕಾ, ಇಷ್ಟು ಸಾಲಕ್ಕೆ ತಪ್ಪು ಯಾರದು ಅಂತ ಕೇಳಿದ್ದೀರಿ.

ಕಂತಿನ ಮಾತು ಕರಾರಿನಲ್ಲಿದೆ. ಒಬ್ಬರಿಗೊಬ್ಬರು ಜಾಮೀನು ಅಂತ ಸಹಿಯೋ ಹೆಬ್ಬೆಟ್ಟೋ ಹಾಕಿದ್ದರೆ ಸಾಲ ಕೊಟ್ಟ ಕಂಪನಿಯವರು ಉಳಿದವರನ್ನು ಕೇಳಬಹುದು. ಆದರೆ ಗುಂಪಿನ ಸಭೆಯಲ್ಲಿ ದುಡ್ಡು ಬರೋವರೆಗೆ ಯಾರೂ ಏಳಬಾರದು ಅಂತ ಕೂರಿಸೋ ಹಕ್ಕು ಯಾರಿಗೂ ಇಲ್ಲ.

ಮೊದಲ ತಪ್ಪು ನನ್ನ ಪ್ರಕಾರ ಸಾಲ ಕೊಟ್ಟವರದು. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಒಂದೇ ಲೆಕ್ಕ. ಆದಾಯ 14,000 ಇದ್ದರೆ ಕಂತು 7,000ಕ್ಕೆ ನಿಲ್ಲಬೇಕು. ಎಡವಟ್ಟಾಗೋದು ಅರ್ಜಿಯಲ್ಲೇ: ಸಾಲ ಕೂರಲಿ ಅಂತ ಆದಾಯ ಏರಿಸಿ ಬರೀತಾರೆ. ಕೈಸಾಲ, ದಲಾಲಿ ಅಂಗಡಿಯ ಮುಂಗಡ ಕ್ರೆಡಿಟ್ ಬ್ಯೂರೋದಲ್ಲಿ (ಯಾರಿಗೆ ಎಷ್ಟು ಸಾಲ ಇದೆ ಅಂತ ದಾಖಲೆ ಇಡುವ ಸಂಸ್ಥೆ) ಕಾಣೋದೇ ಇಲ್ಲ. ಕಾಲುವೆ ಕೊನೇ ಭಾಗಕ್ಕೆ ನೀರು ಬರದ ವರ್ಷ ಕೂಲಿ ನಿಲ್ಲುತ್ತೆ, ವಾರದ ಕಂತು ನಿಲ್ಲಲ್ಲ. ಒಂದು ಸಾಲ ತೀರಿಸೋಕೆ ಇನ್ನೊಂದು ತೆಗೆಯೋದು ಅಲ್ಲಿಂದಲೇ ಶುರು.

ಈಗ ಸಾಲದ ಕಾರ್ಡ್ ತೆಗೆದು ನೋಡಿ. ಬಡ್ಡಿ, ಕಟ್ಟಿದ ಪ್ರತಿ ಕಂತಿನ ನಮೂದು ಕನ್ನಡದಲ್ಲೇ ಇರಬೇಕು. ದಂಡ ಬಾಕಿ ಮೊತ್ತದ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ದೂರನ್ನು ಮೊದಲು ಕಂಪನಿಗೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿ) ದೂರು ಕೊಡಿ, ಸಹಾಯವಾಣಿ 14448. ಬೆದರಿಕೆ ಹಾಕಿದರೆ ಮಾತ್ರ 30 ದಿನ ಕಾಯಬೇಡಿ, ನೇರ ಪೊಲೀಸ್ ಠಾಣೆಗೆ ಹೋಗಿ.