ಲಾಂಗ್‌ಇಯರ್‌ಬೈನ್‌ನಲ್ಲಿ ಚಳಿಗಿಂತ ಕತ್ತಲೆಗೆ ತಯಾರಾಗಿ

ಉತ್ತರ ಧ್ರುವದ ಕಡೆ ಇರೋ ನಾರ್ವೆಯ ದ್ವೀಪಗಳಾದ ಸ್ವಾಲ್‌ಬಾರ್ಡ್‌ನ ಲಾಂಗ್‌ಇಯರ್‌ಬೈನ್ ಊರಲ್ಲಿ ಹೋಟೆಲ್ ಕೆಲಸ ಸಿಕ್ಕಿದೆ, ಅಲ್ಲಿನ ಚಳಿ ತಡೆಯೋಕಾಗುತ್ತಾ ಅಂತ ಕೇಳಿದೀರಲ್ಲ, ಚಳಿಗೆ ಅಷ್ಟೊಂದು ಹೆದರಬೇಡಿ. 78 ಡಿಗ್ರಿ ಉತ್ತರದಲ್ಲಿದ್ರೂ ದಕ್ಷಿಣದಿಂದ ಬರೋ ಬೆಚ್ಚಗಿನ ಸಮುದ್ರ ಪ್ರವಾಹದಿಂದ ಆ ಊರು ಆ ಅಕ್ಷಾಂಶದ ಬೇರೆ ಜಾಗಗಳಷ್ಟು ಕೊರೆಯಲ್ಲ, ಗಾಳಿ ಎದ್ದಾಗ ಮಾತ್ರ ಕಷ್ಟ. ಈಗೀಗ ನಡು ಚಳಿಗಾಲದಲ್ಲೂ ಮಳೆ ಬಂದು ರಸ್ತೆಯೆಲ್ಲ ಗಾಜಿನ ಥರ ಹೆಪ್ಪುಗಟ್ಟುತ್ತೆ, ಅದಕ್ಕೆ ಬೂಟಿಗೆ ಸಿಕ್ಕಿಸೋ ಮುಳ್ಳಿನ ಪಟ್ಟಿ ಮರೀಬೇಡಿ.

ನಿಜವಾಗ್ಲೂ ಯೋಚಿಸಬೇಕಾದ್ದು ಕತ್ತಲೆ ಬಗ್ಗೆ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಫೆಬ್ರವರಿ ಮಧ್ಯದವರೆಗೂ ಹುಟ್ಟಲ್ಲ, ಆಮೇಲೂ ಬೆಟ್ಟ ಅಡ್ಡ ಇರೋದ್ರಿಂದ ಊರೊಳಗೆ ಬಿಸಿಲು ಬೀಳೋದು ಮಾರ್ಚ್ 8ರ ಸುಮಾರಿಗೆ, ಆಗ ಜನ ಹಳೇ ಆಸ್ಪತ್ರೆ ಮೆಟ್ಟಿಲ ಹತ್ರ ಸೇರಿ ಸೂರ್ಯನ್ನ ಸ್ವಾಗತಿಸ್ತಾರೆ, ಒಂದು ವಾರ ಹಬ್ಬ. ಅಲ್ಲೀವರೆಗೆ ರೂಮಲ್ಲೇ ಕೂತ್ಕೋಬೇಡಿ, ನಿದ್ದೆ ಟೈಮು ಕೆಟ್ರೆ ಮನಸ್ಸೂ ಕೆಡುತ್ತೆ.

ಮನೆ ಕೊಡ್ತಾರಾ ಅಂತ ಮೊದಲೇ ಬರವಣಿಗೇಲಿ ಕೇಳ್ಕೊಳ್ಳಿ, ಅಲ್ಲಿ ಬಾಡಿಗೆ ಮನೆ ಸಿಗೋದು ತುಂಬಾ ಕಷ್ಟ. 2015ರ ಡಿಸೆಂಬರ್‌ನಲ್ಲಿ ಬೆಟ್ಟದಿಂದ ಹಿಮ ಕುಸಿದು ಇಬ್ಬರು ತೀರಿಕೊಂಡ್ರು, ಆಮೇಲೆ ಅಪಾಯದ ಜಾಗದ ಎಷ್ಟೋ ಮನೆ ಕೆಡವಿದ್ರು. ಹಿಮಕುಸಿತದ ಎಚ್ಚರಿಕೆ ದಿನಾ ನೋಡಿ. ಹಿಮಕರಡಿ ಓಡಾಡೋದ್ರಿಂದ ಊರಿನ ಗಡಿ ದಾಟಿ ಒಬ್ಬರೇ ಹೋಗಲೇಬೇಡಿ.

ಇನ್ನೊಂದು, ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ ಆದ್ರೆ ನಾರ್ವೆಯ ಮುಖ್ಯಭೂಮಿ ಮೂಲಕ ಹೋಗಿಬರೋಕೆ ಎರಡು ಸಲ ಪ್ರವೇಶ ಇರೋ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರೋ ವೀಸಾ) ಬೇಕು.