ಮೂರು ವಾರದ ಜಪಾನ್ ಪ್ರವಾಸಕ್ಕೆ ಫೋನ್ ಬಾಡಿಗೆಗೆ ಪಡೆಯಬೇಕೇ?

ಅಲ್ಲಿನ ಹೋಟೆಲು, ಆಸ್ಪತ್ರೆ, ಕಚೇರಿಗಳ ಜೊತೆ ಫೋನಿನಲ್ಲಿ ಮಾತಾಡುವ ಅಗತ್ಯವಿದ್ದರೆ ಮಾತ್ರ. ಪ್ರವಾಸಿಗರಿಗೆ ಸಿಗುವ ಸಿಮ್, ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾದವು. 070, 080, 090ರಿಂದ ಶುರುವಾಗುವ ಜಪಾನಿನ ನಂಬರ್ ಸಿಗುವುದಿಲ್ಲ. ವಾಟ್ಸಾಪ್, ಮ್ಯಾಪ್ ಸಾಕು ಎನ್ನುವವರಿಗೆ ಇ-ಸಿಮ್ಮೇ ಅಗ್ಗ.

ಬಾಡಿಗೆ ಫೋನನ್ನು ಆನ್‌ಲೈನಿನಲ್ಲಿ ಮೊದಲೇ ಕಾದಿರಿಸಿ, ನರಿತಾ, ಹನೇಡಾ ಅಥವಾ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಪಡೆಯಿರಿ. ಪಾಸ್‌ಪೋರ್ಟ್, ಕ್ರೆಡಿಟ್ ಕಾರ್ಡ್ ಕೈಯಲ್ಲಿರಲಿ. ದಿನದ ಬಾಡಿಗೆ ಕಮ್ಮಿಯೆಂದು ಮರುಳಾಗಬೇಡಿ: ಬಿಲ್ ಏರಿಸುವುದು ಹೊರಹೋಗುವ ಕರೆಯ ನಿಮಿಷದ ದರ, ತಡವಾಗಿ ಮರಳಿಸಿದ್ದಕ್ಕೆ ದಂಡ, ಕಳೆದುಹೋದ ಚಾರ್ಜರ್. ವಾಪಸು ಬರುವುದು ರಾತ್ರಿ ವಿಮಾನದಲ್ಲಾದರೆ ಕೌಂಟರ್ ಮುಚ್ಚುವ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಭಾರತದ ಸಿಮ್ ಮಾತ್ರ ತೆಗೆದಿಡಬೇಡಿ, ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ಹೊರಡುವ ಮುನ್ನ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಆ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡಿ.