ಲಟಕ್ ಶಬ್ದ ಮಾರಬೇಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಕೈರೊಪ್ರಾಕ್ಟಿಕ್ (ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ನೋವಿಗೆ ಕೊಡುವ ಚಿಕಿತ್ಸೆ) ಕ್ಲಿನಿಕ್ ತೆಗೆದು ಎರಡು ವರ್ಷ ಆಯಿತು. ವಿದೇಶದಲ್ಲಿ ಓದಿ ಬಂದಿದ್ದೇನೆ. ಇಲ್ಲಿ ಬಹಳ ಮಂದಿಗೆ ಇದು ಏನಂತಲೇ ಗೊತ್ತಿಲ್ಲ, "ಎಲುಬು ಕೂಡಸ್ತೀರೇನ್ರಿ?" ಅಂತ ಕೇಳುತ್ತಾರೆ. ಒಂದು ಏಜೆನ್ಸಿಯವರು ತಿಂಗಳಿಗೆ 12 ರೀಲ್ಸ್ ಮಾಡಿಕೊಡುತ್ತೇವೆ, ಪೇಷಂಟ್ ಕುತ್ತಿಗೆ ಹತ್ತಿರ ಮೈಕ್ ಇಟ್ಟು ಲಟಕ್ ಶಬ್ದ ಕೇಳಿಸಿದರೆ ಸಾಕು, ವಿಡಿಯೊ ಓಡುತ್ತದೆ ಅನ್ನುತ್ತಾರೆ. ಮಾಡಿಸಲೇ? ಇನ್ನೊಂದು ಮಾತು, ಬಂದವರೂ ಎರಡು ಸಲ ಬಂದು ನಿಲ್ಲಿಸಿಬಿಡುತ್ತಾರೆ. ಅದಕ್ಕೂ ವಿಡಿಯೊ ಉಪಯೋಗ ಆಗುತ್ತಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಏಜೆನ್ಸಿಯವರು ಸುಳ್ಳು ಹೇಳುತ್ತಿಲ್ಲ. ಲಟಕ್ ವಿಡಿಯೊ ಓಡುತ್ತದೆ. ಆದರೆ ಲಖನೌದಲ್ಲಿ ಕೂತು ಅದನ್ನು ನೋಡಿದವನು ಸೊಂಟ ಹಿಡಿದುಕೊಂಡು ಕೇಶ್ವಾಪುರಕ್ಕೆ ಬರುತ್ತಾನಾ? ನಿಮಗೆ ಬೇಕಾಗಿರುವುದು ಚಿಗರಿ ಬಸ್ (ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಸ್) ಹತ್ತಿ ಬರುವಷ್ಟು ದೂರದ ಜನ. ಹುಬ್ಬಳ್ಳಿ, ಧಾರವಾಡ, ಹೆಚ್ಚೆಂದರೆ ಗದಗ, ಹಾವೇರಿ. ಅವರಲ್ಲಿ ಇನ್ನೂರು ಜನ ನೋಡಿದರೂ ಲಕ್ಷ ವ್ಯೂಸ್‌ಗಿಂತ ಜಾಸ್ತಿಯೇ.

ಇನ್ನೊಂದು ತೊಂದರೆ ಇದೆ. ಶಬ್ದ ನೋಡಿ ಬಂದವನು ಶಬ್ದವನ್ನೇ ಕೇಳುತ್ತಾನೆ. ಒಂದು ದಿನ ಸದ್ದು ಬರಲಿಲ್ಲ ಅಂದರೆ "ಇವತ್ತು ಕೆಲಸಾನೇ ಆಗಿಲ್ಲ" ಅಂತ ಹೋಗುತ್ತಾನೆ, ವಾಪಸ್ ಬರುವುದಿಲ್ಲ. ಆ ಸದ್ದು ಎಲುಬು ಜಾಗಕ್ಕೆ ಕೂತ ಸದ್ದಲ್ಲ ಅಂತ ನಿಮಗೆ ಗೊತ್ತೇ ಇದೆ. ಕೀಲಿನ ಒಳಗಿನ ದ್ರವದಲ್ಲಿ ಗಾಳಿಗುಳ್ಳೆಯಂಥದ್ದು ಏಳುವುದರಿಂದ ಬರುವ ಸದ್ದು ಅದು. 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ನೆಟಿಕೆ ಮುರಿಯುವಾಗ ಎಂಆರ್‌ಐ ತೆಗೆದು ಇದನ್ನು ತೋರಿಸಿದ್ದರು. ಬೆನ್ನಿನ ಸದ್ದೂ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ ಅನ್ನುತ್ತಾರೆ. ನಿಮ್ಮ ಮೊದಲ ವಿಡಿಯೊ ಇದೇ ಆಗಲಿ. ನಿಮ್ಮದೇ ಬೆರಳಿನ ನೆಟಿಕೆ ಮುರಿದು ತೋರಿಸಿ, ಅದೇ ಬೆರಳು ಮತ್ತೆ ಸದ್ದು ಮಾಡಲು ಸುಮಾರು ಇಪ್ಪತ್ತು ನಿಮಿಷ ಯಾಕೆ ಬೇಕು ಅಂತ ಹೇಳಿ. ಮಕ್ಕಳೂ ಕೂತು ನೋಡುತ್ತಾರೆ.

"ನನಗೆ ವಾಸಿ ಆಯ್ತು" ಅಂತ ಪೇಷಂಟ್ ಹೇಳುವ ವಿಡಿಯೊ ಬಗ್ಗೆಯೂ ಸ್ವಲ್ಪ ಹುಷಾರು. ನಿಮ್ಮ ವಿದ್ಯೆ ಹುಟ್ಟಿದ್ದೇ ಅಂಥ ಒಂದು ಕಥೆಯಿಂದ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಅನ್ನುವವರು ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸದಾಳಿನ ಬೆನ್ನು ಒತ್ತಿದಾಗ ಕಿವುಡು ಹೋಯಿತು ಅಂತ ಕಥೆ. ಆದರೆ ಕಿವಿಯ ನರ ಬೆನ್ನಿನ ಮೂಲಕ ಹಾಯುವುದೇ ಇಲ್ಲ, ಟೀಕಿಸುವವರು ಇವತ್ತಿಗೂ ಅದನ್ನೇ ಎತ್ತಿ ಆಡುತ್ತಾರೆ. ನೂರಮೂವತ್ತು ವರ್ಷ ಆದರೂ ಒಂದು ಹೊಗಳಿಕೆ ಬೆನ್ನು ಬಿಟ್ಟಿಲ್ಲ ನೋಡಿ. ಬಿಪಿ, ಶುಗರ್, ಪಾರ್ಶ್ವವಾಯು ಯಾವುದನ್ನೂ ವಾಸಿ ಮಾಡುತ್ತೇನೆ ಅನ್ನಬೇಡಿ. ಹೇಳಬಹುದಾದದ್ದು ಬೇಕಾದಷ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಸಲಹೆಗಳಲ್ಲಿ ವ್ಯಾಯಾಮ, ತಿಳಿವಳಿಕೆ, ಮಸಾಜ್ ಜೊತೆಗೆ ನೀವು ಕೈಯಿಂದ ಮಾಡುವ ಚಿಕಿತ್ಸೆಯೂ ಇದೆ. ಅದೊಂದೇ ಅಲ್ಲ, ಅದೂ ಒಂದು, ಅಷ್ಟೇ. ನಮ್ಮವರು ಹಗಲೂ ರಾತ್ರಿ ಬಿಗಿದುಕೊಳ್ಳುವ ಸೊಂಟದ ಬೆಲ್ಟ್ ಬೇಡ ಅಂತಲೂ ಅದರಲ್ಲೇ ಇದೆ, ಇದು ಒಳ್ಳೆ ವಿಡಿಯೊ ಆಗುತ್ತದೆ. (ಮೆಣಸಿನಕಾಯಿ ಸಾರದ ಲೇಪವೂ ಆ ಪಟ್ಟಿಯಲ್ಲಿದೆ. ಹಾಗಂತ ಬ್ಯಾಡಗಿಯವರು ಬೆನ್ನಿಗೆ ಖಾರದ ಪುಡಿ ಹಚ್ಚಿಕೊಂಡಾರು!)

ಜನ ಹುಡುಕುವುದು ಕೈರೊಪ್ರಾಕ್ಟಿಕ್ ಅಂತ ಅಲ್ಲ. "ಸೊಂಟ ಹಿಡಕೊಂಡೈತ್ರಿ", "ಕಾಲಾಗ ಜುಮ್ ಅಂತೈತ್ರಿ", "ಕುತ್ತಿಗಿ ತಿರುಗವಲ್ದು" ಅಂತ ಹೇಳಿಕೊಂಡು ಬರುತ್ತಾರಲ್ಲ, ಆ ಮಾತೇ ವಿಡಿಯೊದ ಹೆಸರಾಗಲಿ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತವರು, ಬ್ಯಾಡಗಿಯಲ್ಲಿ ದಿನವಿಡೀ ಬಗ್ಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು, ಧಾರವಾಡದ ರೂಮುಗಳಲ್ಲಿ ಪರೀಕ್ಷೆಗೆ ಓದುವ ಹುಡುಗರು, ಒಬ್ಬೊಬ್ಬರಿಗೂ ಒಂದೊಂದು ವಿಡಿಯೊ ಮಾಡಿ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆ ಅಂತ ನಂಬುವ ಊರುಗಳಿವು, ಅದನ್ನು ನಗಾಡದೇ ಮಾತಾಡಿ.

ಒಂದು ವಿಡಿಯೊ ಮಾತ್ರ ತಪ್ಪದೇ ಮಾಡಿ: "ಇವರು ನನ್ನ ಹತ್ತಿರ ಬರಬೇಡಿ". ಬೆನ್ನುನೋವಿನ ಜೊತೆ ಮೂತ್ರ ಹಿಡಿತ ತಪ್ಪಿದರೆ, ತೊಡೆ ಸಂದಿ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಾ ಬಂದರೆ, ಜ್ವರ ಇದ್ದರೆ, ಬಿದ್ದು ಏಟಾಗಿದ್ದರೆ ಸೀದಾ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಗೋ ಹತ್ತಿರದ ಆಸ್ಪತ್ರೆಗೋ ಹೋಗಿ ಅನ್ನಿ. ಬಂದ ಗಿರಾಕಿಯನ್ನು ಬೇಡ ಅನ್ನುವವನ ಮಾತನ್ನು ನಮ್ಮ ಕಡೆ ಜನ ನಂಬುತ್ತಾರೆ. ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹೋಗುವುದೂ ಇಂಥದ್ದೇ.

ಈಗ ಎರಡನೇ ಪ್ರಶ್ನೆ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ನಮ್ಮ ಚಿಕ್ಕಮ್ಮನಿಗೆ ಧಾರವಾಡದಲ್ಲಿ ಒಬ್ಬರು ವ್ಯಾಯಾಮದ ಚಿತ್ರ ಇರುವ ಹಾಳೆ ಕೊಟ್ಟಿದ್ದರು. ಅದು ಪಂಚಾಂಗದೊಳಗೆ ಮಡಿಚಿ ಕೂತಿತು, ಇನ್ನೂ ಅಲ್ಲೇ ಇರಬೇಕು. ಚಿತ್ರದಲ್ಲಿದ್ದದ್ದು ಚಡ್ಡಿ ಹಾಕಿದ ಯಾರೋ ಬಿಳಿಯ, ಸೀರೆ ಉಟ್ಟವರು ಅದನ್ನು ಹೇಗೆ ಮಾಡಬೇಕು ಅಂತ ಕೇಳಲು ಅವರಿಗೆ ನಾಚಿಕೆ. ನೀವು ಹೀಗೆ ಮಾಡಿ: ವ್ಯಾಯಾಮ ಕಲಿಸುವಾಗ ಪೇಷಂಟ್‌ದೇ ಫೋನ್ ಇಸಿದುಕೊಂಡು, ಅವರು ಮಾಡುವುದನ್ನೇ ಒಂದು ನಿಮಿಷ ಶೂಟ್ ಮಾಡಿ. "ಅಮ್ಮಾ, ಉಸಿರು ಹಿಡೀಬ್ಯಾಡ್ರಿ, ಮೊಣಕಾಲು ಇಷ್ಟೇ ಸಾಕು" ಅಂತ ನಿಮ್ಮ ದನಿ ಅದರಲ್ಲಿ ಇರಲಿ. ವಿಡಿಯೊ ಅವರ ಫೋನಿನಲ್ಲೇ ಉಳಿಯುತ್ತದೆ, ಗುಟ್ಟು ಹೊರಗೆ ಹೋಗುವುದಿಲ್ಲ, ಖರ್ಚೂ ಇಲ್ಲ. ನಾಲ್ಕು ದಿನ ಬಿಟ್ಟು ಫೋನ್ ಮಾಡಿ ಕೇಳಿ, ಅಥವಾ ಈಗ ಮಾಡುವುದನ್ನು ಶೂಟ್ ಮಾಡಿ ಕಳಿಸಿ ಅನ್ನಿ, ತಪ್ಪಿದ್ದರೆ ತಿದ್ದಿ. ಹನ್ನೆರಡು ರೀಲ್ಸ್ ಮಾಡದ ಕೆಲಸವನ್ನು ಇದು ಮಾಡುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು. ಫ್ಯಾನ್ ಆಫ್ ಮಾಡಿ, ಕಾಲರ್ ಮೈಕ್ ಕೊಳ್ಳಿ, ಕಿಟಕಿ ಕಡೆ ಮುಖ ಮಾಡಿ ನಿಲ್ಲಿ, ಕನ್ನಡದಲ್ಲಿ ಅಕ್ಷರ ಹಾಕಿ, ಯಾಕೆಂದರೆ ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರೇ ಹೆಚ್ಚು. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಕ್ಲಿನಿಕ್ ಇರುವಲ್ಲಿ 30 ಸೆಕೆಂಡಿನ ವಿಡಿಯೊ ಹಾಕಬಹುದು, ರಸ್ತೆಯಿಂದ ಬಾಗಿಲಿಗೆ ಬರುವ ದಾರಿಯನ್ನೇ ತೋರಿಸಿ. ನಮ್ಮ ದೇಶದಲ್ಲಿ ಕೈರೊಪ್ರಾಕ್ಟಿಕ್‌ಗೆ ಅಂತ ನೋಂದಣಿ ಮಾಡುವ ಬೇರೆ ಕೌನ್ಸಿಲ್ ಇಲ್ಲದ ಕಾರಣ, ಎಲ್ಲಿ, ಎಷ್ಟು ವರ್ಷ, ಏನು ಓದಿದಿರಿ ಅಂತ ನೀವೇ ಬಿಡಿಸಿ ಹೇಳಬೇಕು. ಮತ್ತೆ, ಬಂದವರನ್ನು "ಎಲ್ಲಿ ನೋಡಿ ಬಂದ್ರಿ?" ಅಂತ ಕೇಳಿ ರಿಜಿಸ್ಟರ್‌ನಲ್ಲಿ ಬರೆದಿಡಿ. ವ್ಯೂಸ್ ನೋಡುತ್ತಾ ಕೂರಬೇಡಿ.

ಪ್ರಶ್ನೆ: ಬೆನ್ನುನೋವಿಗೆ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ನಾನು ಮಲಗಿ "ಅಯ್ಯಯ್ಯೋ" ಅನ್ನುವುದನ್ನು ಯೂಟ್ಯೂಬ್‌ನಲ್ಲಿ ಹಾಕಿದ್ದಾರೆ. ಅಳಿಯ ನೋಡಿ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಮೊದಲ ದಿನ ಯಾವುದೋ ಫಾರ್ಮ್‌ಗೆ ಸಹಿ ಹಾಕಿದ್ದೆ.
– ಒಬ್ಬ ಓದುಗರು, ಗದಗ

ಉತ್ತರ: ಸಹಿ ಹಾಕಿದ್ದರೂ ಈಗ ಬೇಡ ಅನ್ನಬಹುದು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕನ್ನು 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲೂ ಬರೆದಿದ್ದಾರೆ, ಆದರೆ ಆ ಕಾಯ್ದೆ ಹಂತಹಂತವಾಗಿ ಜಾರಿಗೆ ಬರುವಂಥದ್ದು. ಮೊದಲು ಅವರಿಗೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಬಾಯಿಮಾತು ಬೇಡ. ತೆಗೆಯದಿದ್ದರೆ ಯೂಟ್ಯೂಬ್‌ಗೇ ಖಾಸಗಿತನದ ದೂರು ಕೊಡಿ, ಸಾಮಾನ್ಯವಾಗಿ ಅವರು ಹಾಕಿದವರಿಗೆ 48 ಗಂಟೆ ಕೊಟ್ಟು ಆಮೇಲೆ ತಾವೇ ನೋಡುತ್ತಾರೆ. ಮೇಲಿನ ಹುಬ್ಬಳ್ಳಿ ಓದುಗರು ಇದನ್ನೂ ಓದಲಿ: ಒಪ್ಪಿಗೆ ಕೇಳುವುದು ನೋವಲ್ಲಿ ಮಲಗಿದಾಗ ಅಲ್ಲ, ಎದ್ದು ಚಹಾ ಕುಡಿದ ಮೇಲೆ, ವಿಡಿಯೊ ತೋರಿಸಿ.

ಪ್ರಶ್ನೆ: ನನ್ನ ಮಗ ವಿಡಿಯೊ ನೋಡಿ ಅವರಪ್ಪನ ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸುತ್ತಾನೆ. ಕಟಿಂಗ್ ಅಂಗಡಿಯಲ್ಲೂ ಮಾಡುತ್ತಾರಲ್ಲ, ಪರವಾಗಿಲ್ಲವೇ?
– ಗೃಹಿಣಿ, ಹಾವೇರಿ

ಉತ್ತರ: ಇವತ್ತೇ ನಿಲ್ಲಿಸಿ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಎಲುಬಿನ ಸಂದಿಯಲ್ಲೂ ಹಾದುಹೋಗುತ್ತವೆ. ಜೋರಾಗಿ ತಿರುವಿದಾಗ ಅವು ಒಳಗೆ ಹರಿದು ಲಕ್ವ ಹೊಡೆದದ್ದು ಉಂಟು, ಅಪರೂಪ ನಿಜ. ಕಟಿಂಗ್ ಅಂಗಡಿಯಲ್ಲಿ "ತಲಿ ಮಸಾಜ್ ಸಾಕು, ಕುತ್ತಿಗಿ ಬ್ಯಾಡ" ಅಂತ ಮೊದಲೇ ಹೇಳಲು ನಿಮ್ಮ ಯಜಮಾನರಿಗೆ ತಿಳಿಸಿ.